ನಾಗಕನ್ಯೆಗೊಂದು ಕುಣಿ

ಬೆಳಗ್ಗೆ ಎದ್ದಾಗ ಸುನಿಲಕುಮಾರನ ಕಣ್ಣಿಗೆ ಮೊದಲು ಬಿದ್ದದ್ದು ಅವ್ವನ ಕೈಚೀಲ. ಪಡಸಾಲೆಯ ಹೊಸ ಕುರ್ಚಿಯ ಮೇಲೆ, ಅವನೇ ಹುಬ್ಬಳ್ಳಿಯ ಅಂಗಡಿ ಅಂಗಡಿ ತಿರುಗಿ ಆರಿಸಿ ತಂದ, ಬೆನ್ನಿಗೆ ಮೆತ್ತೆಯಿದ್ದ ಕುರ್ಚಿಯ ಮೇಲೆ ಅದು ಆರಾಮಾಗಿ ಕೂತಿತ್ತು. ಅವ್ವ ಕೂರಲೊಲ್ಲದ ಕುರ್ಚಿಯಲ್ಲಿ ಅವಳ ಚೀಲವಾದರೂ ಕೂತಿತಲ್ಲ ಎಂದುಕೊಂಡ. ಅಂದುಕೊಂಡದ್ದೇ ತಡ, ಪಿತ್ತ ನೆತ್ತಿಗೇರಿತು. ಚೀಲದ ಬಾಯಿಂದ ಕೌದಿಯ ಅಂಚು ಇಣುಕುತ್ತಿತ್ತು. ಇಂಥ ಬಿಸಿಲಿನಲ್ಲಿ ಕೌದಿ ಹೊತ್ತುಕೊಂಡು ಹೋಗುವವರು ಎರಡು ದಿನ ಇದ್ದು ಬರಲು ಹೋಗುವವರಲ್ಲ. ಹಳೇ ಮನೆಯನ್ನೇ ಹೊಸದಾಗಿ ಕಟ್ಟಿಸಿದವನು, ಒಂದೊಂದಾಗಿ ಎಲ್ಲ ಹೊಸದು ಮಾಡಿಸಿದವನು, ಮಾಡಿಸಿದ್ದನ್ನೆಲ್ಲ ಅವ್ವನ ಸಲುವಾಗಿ ಎಂದು ನಾಲ್ಕು ಜನರ ಮುಂದೆ ಹೇಳಿಕೊಂಡವನು, ಈಗ ಓಣಿಯವರು ಕೇಳಿದರೆ ಏನು ಹೇಳಬೇಕು.

"ಸಂಜೀಮುಂದ ಜಾವೀದ ಬರತಾನಂತ," ಎಂದು ಹೆಂಡತಿ ರೋಹಿಣಿ ಅಡುಗೆಮನೆಯಿಂದಲೇ ಹೇಳಿದಳು. "ಶಿರಹಟ್ಟಿತನಾ ಅವನ ಆಟೋದಾಗ ಹೋಗತಾರಂತ ಅತ್ತಿ. ಬಸ್ಸಿನ ಮೆಟ್ಟಲ ಹತ್ತಾಕ ಆಗೂದಿಲ್ಲಂತ. ಹೋಗಬ್ಯಾಡ ಅಂತ ನೀವು ಒಂದ ಮಾತ ಅನ್ರಿ."

"ನಾ ಹೋಗು ಅಂದೇನೇನ? ಆಕಿ ತಂಗಿ ಮನಿಗೆ ಆಕಿ ಹೊಂಟಾಳ."

"ನಿನ್ನೆ ನೀವ ಬೈದ್ರಲ್ಲ."

ಬೈದದ್ದು ಹೌದು. ಆದರೆ ಯಾಕೆ ಬೈದೆ ಎಂಬುದನ್ನು ಈ ಮನೆಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಲ್ಲರೂ ಟೇಬಲ್ಲಿಗೆ ಕೂತು ಊಟ ಮಾಡುವಾಗ ಅವ್ವ ತನ್ನ ತಾಟು ತೆಗೆದುಕೊಂಡು ಹೋಗಿ ಗೋಡೆಯ ಬುಡಕ್ಕೆ ನೆಲದ ಮೇಲೆ ಕೂತಳು. ಕೂತದ್ದೇನೋ ಕೂತಳು, ಏಳಲಿಕ್ಕೆ ಆಗಲಿಲ್ಲ. ಕೈ ತೊಳೆದುಕೊಂಡು ಬಂದು ರಟ್ಟೆಗೆ ಕೈ ಕೊಟ್ಟು ಎಬ್ಬಿಸುವಾಗ ಅವಳ ಉಸಿರು ಹಿಡಿದು ನಿಂತದ್ದು ಅವನ ಕೈಗೇ ತಿಳಿಯಿತು, ಅದಕ್ಕೇ ಅವನಿಗೆ ಸಿಟ್ಟು ಬಂತು. "ಕುರ್ಚಿ ಇಲ್ಲೇನ? ಟೇಬಲ್ ಇಲ್ಲೇನ? ಮಾಸ್ತರ ತಾಯಿನ್ನ ನೆಲಕ್ಕ ಹಾಕ್ಯಾನ ಅಂತ ಮಂದಿ ಅನ್ನಬೇಕೇನ?" ಎಂದ. ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು, ಇವನ ಸಿಟ್ಟಿಗೂ ತನಗೂ ಸಂಬಂಧವಿಲ್ಲದವಳ ಹಾಗೆ, "ನನಗ ಕುರ್ಚಿ ಬ್ಯಾಡೋ ತಮ್ಮಾ. ನನಗ ನನ್ನ ಕುಣಿ ಬೇಕು," ಎಂದಳು. ಕುಣಿ. ಸತ್ತವರನ್ನು ಮಣ್ಣು ಮಾಡಲು ತೋಡುವ ತಗ್ಗು. ಅಪ್ಪನಿಗೆ ಕುಣಿ ತೋಡಿಸಲು ಹೋದ ಬೆಳಗ್ಗೆ ಗುದ್ದಲಿಯ ಸಪ್ಪಳ ಕೇಳುತ್ತ ನಿಂತವನು ಇವನೇ. ಉಣ್ಣುವ ಹೊತ್ತಿನಲ್ಲಿ, ಮೊಮ್ಮಗ ರೋಹನನ ಮುಂದೆ, ಹೊಸ ಮನೆಯಲ್ಲಿ ಇಂಥ ಮಾತು. "ಸಾಯೂ ಮಾತು ಆಡಬ್ಯಾಡ ನನ್ನ ಮುಂದ. ಏನ ಕಡಿಮಿ ಮಾಡೇನಿ ನಿನಗ?" ಎಂದು ಇವನು ಕೂಗಿದ್ದು ಆಚೆ ಮನೆಗೂ ಕೇಳಿರಬೇಕು. ಅವ್ವ ಅವನ ಮುಖವನ್ನು ತುಸು ಹೊತ್ತು ನೋಡಿದಳು. ಆಮೇಲೆ, "ತಂಗಿ ಮನಿಗೆ ಹೋಗತೇನಿ," ಎಂದಳು, ಅಷ್ಟೇ.

ಸ್ಕೂಟರು ತೆಗೆಯಲು ಹೋದಾಗ ಅವಳು ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಮನೆಯಲ್ಲಿ ಮೆಟ್ಟಿಲು ಎಂಬುದು ಉಳಿದಿದ್ದದ್ದು ಅದೊಂದೇ. ಉಳಿದದ್ದೆಲ್ಲ ಒಂದೇ ಮಟ್ಟ. ಪಡಸಾಲೆ, ನಡುಮನೆ, ಅಡುಗೆಮನೆ, ಹೊಸ್ತಿಲು ಸಹಿತ ಇಲ್ಲದ ಹಾಗೆ ಟಾಯಿಲ್ಸು ಹಾಕಿಸಿದ್ದ, ಎಡವಿ ಬೀಳಬಾರದಲ್ಲ ಎಂದು. ಗೌಂಡಿ ಮುತ್ತಣ್ಣ ಹಳೆಯ ಮಗ್ಗದ ತಗ್ಗಿಗೆ ಮಣ್ಣು ತುಂಬುವ ದಿನ ಒಳಗಿಂದ ಒಂದು ಚಪ್ಪಟೆ ಕಲ್ಲು ಎತ್ತಿ ಮೇಲಿಟ್ಟು ನಕ್ಕಿದ್ದ: "ಇದನ್ಯಾರ ಕಟ್ಟ್ಯಾರ್ರಿ ಸರ್? ಒಂದ ಕಡೆ ಆಳ ಐತಿ, ಒಂದ ಕಡೆ ಕಲ್ಲ ಹಾಕಿ ಎತ್ತರ ಮಾಡ್ಯಾರ. ಕೆಲಸ ಬರದಾವ್ರ ಕೈ ಬಿಡ್ರಿ." ಸುನಿಲಕುಮಾರನೂ ನಕ್ಕಿದ್ದ. ಅಪ್ಪನ ಕೆಲಸವೇ ಹಾಗೆ, ಯಾವುದೂ ನೆಟ್ಟಗಿರುತ್ತಿರಲಿಲ್ಲ. ನೇಯುತ್ತಿದ್ದವಳು ಅವ್ವ, ಅಪ್ಪ ನೂಲು ತರುವುದು, ಹಾಸು ಹೂಡುವುದು, ಸೀರೆ ಮುಟ್ಟಿಸಿ ಬರುವುದು, ಬಂದು ಮಾತಾಡುತ್ತ ಕೂರುವುದು. ಅಪ್ಪ ಹೋದ ಮೇಲೆ ಮಗ್ಗ ಬಿಚ್ಚಿದರು. ನೇಯ್ಗೆ ನಿಂತ ಮೇಲೂ ಅವ್ವ ಮಾತ್ರ ಆ ಖಾಲಿ ತಗ್ಗಿನಲ್ಲಿ ಕಾಲು ಇಳಿಬಿಟ್ಟು ದಂಡೆಯ ಮೇಲೆ ಕೂತು ಕಾಳು ಹಸನು ಮಾಡುವಳು, ಉಣ್ಣುವಳು, ಬಂದವರೊಡನೆ ಹರಟುವಳು. ಬಂದವರು ನೆಲದ ಮೇಲೆ, ಇವಳೂ ನೆಲದ ಮೇಲೆ. ಹಳೇ ರೂಢಿ ಎಂದು ಇವನು ಸುಮ್ಮನಿದ್ದ. ಕಲ್ಲನ್ನು ಮುತ್ತಣ್ಣ ಹಿತ್ತಲಿಗೆ ಒಯ್ದು ನೀರಿನ ಕೊಡದ ಬುಡಕ್ಕೆ ಇಟ್ಟಿದ್ದ.

"ಉಂಡೀ?" ಎಂದಳು ಅವ್ವ. ಹೂಂ ಎಂದ. ಅವಳ ತಲೆಯನ್ನು ನೋಡಿದ, ಕೈಯನ್ನು ನೋಡಿದ, ಮೊರದಲ್ಲಿದ್ದ ಮೆಣಸಿನಕಾಯಿಯನ್ನು ನೋಡಿದ. ಅದಕ್ಕಿಂತ ಕೆಳಗೆ ನೋಡುವುದನ್ನು ಅವನು ಎಂದೋ ಬಿಟ್ಟಿದ್ದ. ಓಣಿಯಲ್ಲಿ ಇಬ್ಬರು ಅನ್ನವ್ವಂದಿರಿದ್ದರು, ಒಬ್ಬಳು ಗಿರಣಿ ಅನ್ನವ್ವ, ಇನ್ನೊಬ್ಬಳು ಇವನ ಅವ್ವ, ಕುಂಟ ಅನ್ನವ್ವ. ಅದರಲ್ಲಿ ಯಾರಿಗೂ ಕೆಟ್ಟ ಬುದ್ಧಿ ಇರಲಿಲ್ಲ, ಗುರುತಿಗೆ ಒಂದು ಹೆಸರು ಬೇಕಲ್ಲ. ಆದರೆ ಶಾಲೆಯ ಬಯಲಿನಲ್ಲಿ ಹುಡುಗರು ಒಂದು ಕಡೆ ವಾಲಿ ವಾಲಿ ನಡೆದು ತೋರಿಸಿದ ದಿನದಿಂದ ಸುನಿಲಕುಮಾರ ಅವ್ವನ ಜೊತೆ ಎಲ್ಲಿಗೆ ಹೋದರೂ ಹತ್ತು ಹೆಜ್ಜೆ ಮುಂದೆ ನಡೆದ. ಮುಂದೆ ನಡೆಯುವವನಿಗೆ ಹಿಂದೆ ಬರುವವಳ ಕಾಲು ಕಾಣುವುದಿಲ್ಲ. ಬೆಳೆದು ದೊಡ್ಡವನಾಗಿ, ಬಿ.ಎಡ್. ಮಾಡಿ, ನೌಕರಿ ಹಿಡಿದು, ಈಗ ಮಕ್ಕಳಿಗೆ ಕನ್ನಡ ಕಲಿಸುವವನಾದ ಮೇಲೂ ಆ ಹತ್ತು ಹೆಜ್ಜೆ ಹಾಗೇ ಉಳಿದುಬಿಟ್ಟಿತ್ತು, ಅದನ್ನು ಅವನು ಅವಸರದ ನಡಿಗೆ ಎಂದು ಕರೆದುಕೊಳ್ಳುತ್ತಿದ್ದ.

ಶಾಲೆಯ ಗೇಟಿನಲ್ಲೇ ಹೆಡ್ಮಾಸ್ತರ ಪುಂಡಲೀಕಪ್ಪ ಕಾಯುತ್ತಿದ್ದರು. "ನಾಟಕ ತಯಾರಾತೇನ್ರಿ ಸುನಿಲ್ ಸರ್? ಸಮನ್ವಯ ದಿನ ಅಂದ್ರ ಸಮನ್ವಯ ಕಾಣಬೇಕ್ರಿ. ಮ್ಯಾಲಿನಿಂದ ಬರಾವ್ರು ಅದಾರ." ಮಾತಾಡುತ್ತಲೇ ಅವರು ತಮ್ಮ ಮೋಟಾರು ಸೈಕಲ್ಲನ್ನು ತಳ್ಳಿಕೊಂಡು ಹೋಗಿ ಎಂದಿನಂತೆ ಇಳಿಜಾರಿನ ಮೇಲೆ, ಊರುಗೋಲಿನ ಮಕ್ಕಳಿಗೆಂದು ಕಟ್ಟಿಸಿದ ಇಳಿಜಾರಿನ ಮೇಲೆ, ನೆರಳಿಗೆ ನಿಲ್ಲಿಸಿದರು. ಶಾಲೆಯಲ್ಲಿ ಊರುಗೋಲು ಹಿಡಿದು ಬರುವವಳು ಒಬ್ಬಳೇ, ಏಳನೆಯ ಇಯತ್ತೆಯ ಅಮೀರಾ. ಅವಳು ಗಾಡಿಯ ಹ್ಯಾಂಡಲ್ಲಿಗೆ ತಾಗದ ಹಾಗೆ ಅಡ್ಡಡ್ಡ ಹತ್ತಿ ಬರುವುದನ್ನು ಸುನಿಲಕುಮಾರ ದಿನಾ ನೋಡುತ್ತಿದ್ದ, ದಿನಾ ಹೆಡ್ಮಾಸ್ತರರಿಗೆ ಹೇಳಬೇಕು ಎಂದುಕೊಳ್ಳುತ್ತಿದ್ದ. ಈವತ್ತೂ ಅಂದುಕೊಂಡ. ಹೇಳಲಿಲ್ಲ, ತನ್ನ ಮನೆಯದೇ ತನಗೆ ಹಾಸಿ ಹೊದೆಯುವಷ್ಟಿತ್ತು.

ನಾಟಕವನ್ನು ಅವನೇ ಬರೆದಿದ್ದ. ಬರೆದದ್ದು ಬೇಸರದಲ್ಲಿ, ಆದರೆ ಬರೆದ ಮೇಲೆ ಅವನಿಗೇ ಮೆಚ್ಚುಗೆಯಾಗಿತ್ತು. ಒಬ್ಬ ದೊರೆಯ ಮಗಳ ಮದುವೆ. ಊಟಕ್ಕೆ ಎಲ್ಲರಿಗೂ ಕರೆ ಹೋಗಿದೆ. ಸೊಂಟದಿಂದ ಕೆಳಗೆ ಹಾವಾದ ನಾಗಕನ್ಯೆ ಬರುತ್ತಾಳೆ, ಎರಡು ತಲೆಯ ಗಂಡಭೇರುಂಡ ಬರುತ್ತದೆ, ಕುದುರೆ ಮೋರೆಯ ಕಿನ್ನರ ಬರುತ್ತಾನೆ, ಬಾಗಿಲಿಗೆ ಹಿಡಿಸದ ರಾಕ್ಷಸಿ ಬರುತ್ತಾಳೆ. ಪಂಕ್ತಿ ಕೂರಿಸಲು ಹೋದರೆ ಎಲ್ಲ ಗೊಂದಲ. ಆಗ ಒಬ್ಬ ಋಷಿ ಬಂದು ಮಂತ್ರದ ನೀರು ಚಿಮುಕಿಸುತ್ತಾನೆ, ಎಲ್ಲರ ರೂಪ ಕಳಚಿ ಬಿದ್ದು ಎಲ್ಲರೂ ಮನುಷ್ಯರಾಗುತ್ತಾರೆ, ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ. ಭೇದ ಅಳಿಯಿತು, ಎಲ್ಲರೂ ಸಮ ಎಂದು ಹಾಡು, ಪರದೆ. ಅಮೀರಾಗೆ ಪಾತ್ರವಿರಲಿಲ್ಲ. ವೇದಿಕೆಗೆ ಮೆಟ್ಟಿಲಿದ್ದವು, ಆದ್ದರಿಂದ ಕೆಳಗೆ ನಿಂತು ಬಂದವರಿಗೆ ಹೂವು ಕೊಡುವ ಕೆಲಸ ಅವಳದೆಂದು ಹೆಡ್ಮಾಸ್ತರರೇ ಗೊತ್ತು ಮಾಡಿದ್ದರು. ಮೇಲಿನಿಂದ ಬರುವವರ ಕಣ್ಣಿಗೆ ಮೊದಲು ಅವಳೇ ಬೀಳಬೇಕಲ್ಲ.

"ಸರ್, ನಾ ರಾಕ್ಷಸಿ ಆಗತೇನ್ರಿ," ಎಂದಳು ಅಮೀರಾ, ಮಧ್ಯಾಹ್ನದ ತಾಲೀಮು ಶುರುವಾಗುವ ಮೊದಲೇ. ನಿನ್ನೆಯೂ ಅಂದಿದ್ದಳು, ಮೊನ್ನೆಯೂ ಅಂದಿದ್ದಳು. "ರಾಕ್ಷಸಿ ಕುಣಿದಾಡತಾಳ, ನಿನಗ ಹೆಂಗ ಆಗತೈತಿ?" ಎಂದು ಇವನು ಕೇಳಿದ. "ಕುಣಿದಾಡದ ರಾಕ್ಷಸಿ ಇರೂದಿಲ್ಲೇನ್ರಿ? ನಾ ಬಡಗಿಲೆ ನೆಲಾ ಗುದ್ದತೇನಿ, ನೋಡ್ರಿ." ಊರುಗೋಲಿನಿಂದ ಗುದ್ದಿ ತೋರಿಸಿದಳು. ತರಗತಿಯ ನೆಲ ಗುಡುಗಿದಂತಾಯಿತು, ಕಿನ್ನರನಾದ ಹುಡುಗ ಹೆದರಿ ಮುಖವಾಡ ಕೆಡವಿದ, ಎಲ್ಲರೂ ನಕ್ಕರು. ಸುನಿಲಕುಮಾರನಿಗೆ ನಗು ಬರಲಿಲ್ಲ. ಈವತ್ತು ಯಾರು ಏನು ಕೇಳಿದರೂ ತನ್ನನ್ನೇ ತಪ್ಪಿತಸ್ಥನನ್ನಾಗಿ ಮಾಡಲು ಕೇಳಿದ ಹಾಗಿತ್ತು. "ಮೊದಲ ಕೊನೀ ದೃಶ್ಯ ನೋಡೂಣು," ಎಂದು ಜೋರು ಮಾಡಿದ. ಋಷಿ ಬಂದ, ನೀರು ಚಿಮುಕಿಸಿದ. ನಾಗಕನ್ಯೆಯಾದ ಹುಡುಗಿ ಸೊಂಟಕ್ಕೆ ಕಟ್ಟಿದ್ದ ಬಾಲ ಬಿಚ್ಚಬೇಕು. ಬಿಚ್ಚಲಿಲ್ಲ. ಅವರವ್ವ ಹಳೇ ಸೀರೆಯಿಂದ ಹೊಲಿದು ಕೊಟ್ಟ ಬಾಲ, ಹಸಿರು, ತುದಿಗೆ ಜರಿ. "ಯಾಕ್ರಿ ಸರ್ ಬಿಚ್ಚಬೇಕು? ನನ್ನ ಉಣ್ಣಾಕ ಕರದಾರ್ರಿ. ಮನಷ್ಯಾ ಆಗಾಕ ಕರದಿಲ್ಲಲ್ರಿ," ಎಂದಳು.

ಅದು ಬಾಲದ ಮೇಲಿನ ಆಸೆಗೆ ಆಡಿದ ಮಾತು, ಗೊತ್ತು. ಆದರೆ ಒಬ್ಬಳು ಬಾಯಿ ಬಿಟ್ಟಳೆಂದರೆ ಮುಗಿಯಿತು, ಇಡೀ ವರ್ಗ ತಿರುಗಿಬಿತ್ತು. ಹಂಗಾದ್ರ ನಾನೂ ಮೋರಿ ತಗಿಯೂದಿಲ್ಲ ಎಂದ ಕಿನ್ನರ. ಕುದುರೆ ಮೋರೆಗೆ ತುತ್ತು ಹೆಂಗ ಹಿಡಿಸತೈತಿ ಎಂದು ಇನ್ನೊಬ್ಬ. ಟಾಂಗಾದ ಕುದುರೆಗೆ ಕಟ್ಟುವಂಥ ಚೀಲ ಕಟ್ಟಬೇಕು ಎಂದು ಮತ್ತೊಬ್ಬ. "ಅಂವಾ ಬೀಗರ ಕಡಿಯಾಂವ, ಚೀಲಾ ಕಟ್ಟಿದ್ರ ಸಿಟ್ಟ ಮಾಡಾಂಗಿಲ್ಲೇನ?" ಎಂದು ಋಷಿ ತನ್ನ ಗಡ್ಡ ಕೆಳಗೆ ಸರಿಸಿ ಕೇಳಿದ. ಗಂಡಭೇರುಂಡಕ್ಕೆ ಎರಡು ಎಲೆ ಹಾಕಬೇಕೋ ಒಂದು ಹಾಕಬೇಕೋ ಎಂಬುದಕ್ಕೆ ದೊಡ್ಡ ಜಗಳವೇ ಆಯಿತು. ಹೊಟ್ಟೆ ಒಂದೇ, ಒಂದೇ ಎಲೆ ಸಾಕು ಎಂಬುವವರು, ಬಾಯಿ ಎರಡು, ಒಂದಕ್ಕೆ ಹೋಳಿಗೆ ಸೇರುತ್ತದೆ ಇನ್ನೊಂದಕ್ಕೆ ಸೇರುವುದಿಲ್ಲ ಎಂಬುವವರು. ಅಮೀರಾ ಊರುಗೋಲಿನಿಂದ ಮತ್ತೆ ನೆಲ ಗುದ್ದಿದಳು. "ಅದನ್ನ ಕೇಳ್ರಲೇ. ಅದಕ್ಕ ಎರಡ ಬಾಯಿ ಅದಾವ, ಒಂದರೆ ಹೇಳತೈತಿ." ಸುನಿಲಕುಮಾರ ಮೇಜು ಬಡಿದ. ತಲೆ ಚಿಟ್ಟು ಹಿಡಿದುಹೋಗಿತ್ತು. "ಆತು. ನಿಮ್ಮ ನಾಗಕನ್ಯೆ ಬಾಲ ಬಿಚ್ಚೂದಿಲ್ಲ. ಪಂಕ್ತಿಯೊಳಗ ಹೆಂಗ ಕುಂಡ್ರತಾಳ ಹೇಳ್ರಿ. ಕುರ್ಚಿ ಕೊಟ್ರ ಬಾಲ ಜೋತು ಬೀಳತೈತಿ, ನೆಲದ ಮ್ಯಾಲ ಕುಂಡ್ರಿಸಿದ್ರ ಬಾಲ ಅಡ್ಡ ಬರತೈತಿ, ಬಡಸಾವ್ರು ತುಳೀತಾರ. ಹೇಳ್ರಿ, ಏನ ಮಾಡತೀರಿ?" ಸೋಲಿಸಲೆಂದೇ ಕೇಳಿದ.

"ಕುಣಿ ತೋಡಬೇಕ್ರಿ," ಎಂದಳು ಅಮೀರಾ.

ಅವನು ತಿರುಗಿ ನೋಡಿದ. "ಏನಂದಿ?"

"ಕುಣಿ ರೀ ಸರ್. ಮಗ್ಗದ ಕುಣಿ. ನಮ್ಮಜ್ಜಿ ಸುಗ್ರಾಬಿ ನೂಲಿನ ಕಂಡಿಕಿ ಸುತ್ತಾಕ ಹೋಗತಾಳಲ್ರಿ, ಆ ಮನ್ಯಾಗ ಐತಿ. ನಾನೂ ಅದರಾಗ ಕಾಲ ಇಳಿಬಿಟ್ಟ ಕುಂಡ್ರತೇನಿ. ಕುಂತ್ರ ಎಲ್ಲಾರೂ ಒಂದ ಮಟ್ಟ ಆಗತೇವ್ರಿ, ಕೆಳಗಿಂದು ಯಾರಿಗೂ ಬೇಕಾಗಿರೂದಿಲ್ಲ. ನಾಗಕನ್ಯೆಗೂ ಅಂಥಾದ್ದೊಂದು ಕುಣಿ ತೋಡಿದ್ರ ಬಾಲ ಅದರಾಗ ಇಟ್ಕೊಂಡ ಆರಾಮ ಉಣತಾಳ."

ಹುಡುಗರು ಹೌದ್ರಿ ಹೌದ್ರಿ ಎಂದು ಗದ್ದಲ ಹಾಕುತ್ತಿದ್ದರು. ಸುನಿಲಕುಮಾರ ಸೀಮೆಸುಣ್ಣ ಹಿಡಿದು ನಿಂತೇ ಇದ್ದ. ಮಗ್ಗದ ಕುಣಿ. ಅವನು ಹುಟ್ಟಿದ ಮನೆಯ ಮಾತು, ಅವನು ಅಂಬೆಗಾಲಿಡುವಾಗ ಬೀಳದಂತೆ ಅವ್ವ ಅದರ ಬಾಯಿಗೆ ಹಲಗೆ ಮುಚ್ಚುತ್ತಿದ್ದ ಮಾತು. ಅದನ್ನು ತಗ್ಗು, ತಗ್ಗು ಎಂದು ಗೌಂಡಿಯ ಮುಂದೆ ಅಂದು ಅಂದು ಹೆಸರನ್ನೇ ಕಳೆದುಕೊಂಡಿದ್ದ. ನನಗ ನನ್ನ ಕುಣಿ ಬೇಕು. ಅವಳು ಸಾಯುವ ಮಾತು ಆಡಿರಲಿಲ್ಲ. ಕೂರುವ ಮಾತು ಆಡಿದ್ದಳು. ನೇಕಾರರ ಮನೆಯಲ್ಲಿ ಹುಟ್ಟಿ, ಕನ್ನಡ ಕಲಿಸಿ ಸಂಬಳ ತೆಗೆದುಕೊಳ್ಳುವವನಿಗೆ ಅದು ತಿಳಿಯಲಿಲ್ಲ. ಅದರ ಬೆನ್ನಿಗೇ ಮುತ್ತಣ್ಣ ಎತ್ತಿಟ್ಟ ಚಪ್ಪಟೆ ಕಲ್ಲು ನೆನಪಾಯಿತು. ಒಂದು ಕಡೆ ಆಳ, ಒಂದು ಕಡೆ ಎತ್ತರ. ಒಂದು ಕಾಲು ಉದ್ದ, ಒಂದು ಗಿಡ್ಡ. ಅಪ್ಪನ ಕೆಲಸ ನೆಟ್ಟಗೇ ಇತ್ತು. ಅವನಿಗೆ ನಾಚಿಕೆಯಾಯಿತು, ನಾಚಿಕೆಯ ಹಿಂದೆಯೇ ಮತ್ತೆ ಸಿಟ್ಟು ಬಂತು: ಬಿಡಿಸಿ ಹೇಳಬಾರದೇನು ಈ ಮುದುಕಿ, ಒಂದು ಮಾತಿನಲ್ಲಿ? "ನೀನ ರಾಕ್ಷಸಿ," ಎಂದ ಅಮೀರಾಗೆ, ಬೈದ ಹಾಗೆ. ಅವಳು ಹಲ್ಲು ಬಿಟ್ಟಳು. ಹೊರಗೆ ಬಂದು ಹೆಡ್ಮಾಸ್ತರರ ಮೋಟಾರು ಸೈಕಲ್ಲನ್ನು ಇಳಿಜಾರಿನಿಂದ ಕೆಳಗಿಳಿಸಿ ಬಿಸಿಲಿನಲ್ಲಿ ನಿಲ್ಲಿಸಿದ, ಯಾರು ಮುಟ್ಟಿದರು ಎಂದು ಪುಂಡಲೀಕಪ್ಪ ಒಳಗಿನಿಂದ ಕೂಗುತ್ತಿರುವಾಗಲೇ ತನ್ನ ಸ್ಕೂಟರು ಹತ್ತಿದ.

ಮನೆಯ ಮುಂದೆ ಜಾವೀದನ ಆಟೊ ಬಂದು ನಿಂತಿತ್ತು. ಜಾವೀದ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ಒಳಗೆ ಅವ್ವ ಇಸ್ತ್ರಿ ಮಾಡಿದ ಸೀರೆಯುಟ್ಟು, ಹೊರಡುವವಳಾದ್ದರಿಂದ ಇರಬೇಕು, ಕೊನೆಗೂ ಆ ಕುರ್ಚಿಯ ಮೇಲೆ ಕೂತಿದ್ದಳು, ಚೀಲ ತೊಡೆಯ ಮೇಲೆ. ಇವನು ಸೀದಾ ಹಿತ್ತಲಿಗೆ ಹೋದ. ಕೊಡ ಇಳಿಸಿದ, ಕಲ್ಲು ಎತ್ತಿದ, ಅಂಗಿಯೆಲ್ಲ ರಾಡಿ ಮಾಡಿಕೊಂಡು ಒಳಗೆ ತಂದ. "ಏನ್ರಿ ಇದು, ಟಾಯಿಲ್ಸ ಮ್ಯಾಲ," ಎಂದು ರೋಹಿಣಿ ಹಿಂದೆಯೇ ಬಂದಳು. ಅವನು ಅವ್ವನ ಮುಂದೆ ಮಂಡಿಯೂರಿ, ಕಲ್ಲನ್ನು ದೂಡಿ, ಅವಳ ಬಲಗಾಲನ್ನು ಎತ್ತಿ ಅದರ ಮೇಲಿಟ್ಟ. ಇಟ್ಟು ತಲೆ ಎತ್ತಿ ನೋಡಿದ. ಏನನ್ನು ಕಾಯುತ್ತಿದ್ದನೋ, ಶಾಬಾಸ್ ಎನ್ನಲಿ ಎಂದೋ, ತಲೆ ಸವರಲಿ ಎಂದೋ. ಅವ್ವ ಕಲ್ಲನ್ನು ನೋಡಿದಳು, ಅವನನ್ನು ನೋಡಿದಳು.

"ಇದಲ್ಲೋ ತಮ್ಮಾ."

"ಹೆಂಗ ಇದಲ್ಲ? ಇದ ಕಲ್ಲು. ಕುಣ್ಯಾಗಿಂದ ತಗದದ್ದು ಇದ."

"ಕಲ್ಲು ಇದ. ಕಾಲು ಇದಲ್ಲ."

ಅವಳು ಕುರ್ಚಿಯ ಅಂಚಿಗೆ ಜರುಗಿ ಬಲಗಾಲು ನೆಲಕ್ಕೆ ಊರಿದಳು, ಎಡಗಾಲನ್ನು ತಾನೇ ಕೈಯಿಂದ ಎತ್ತಿ ಕಲ್ಲಿನ ಮೇಲೆ ಇಟ್ಟುಕೊಂಡಳು. ಸುನಿಲಕುಮಾರ ಆ ಕಾಲನ್ನು ನೋಡಿದ. ಸಣ್ಣ ಹಿಮ್ಮಡಿ, ನೆಲ ಮುಟ್ಟದೆ ಮೆತ್ತಗೇ ಉಳಿದಿದ್ದ ಹಿಮ್ಮಡಿ. ಎಲ್ಲ ಭಾರ ಹೊತ್ತು ಒಣಗಿ ಕಲ್ಲಾದ ಬೆರಳುಗಳ ಬುಡ. ತಲೆಯಲ್ಲಿ ಕೂದಲು ಹಣ್ಣಾಗುತ್ತಿದ್ದವನು ಹೆತ್ತವಳ ಯಾವ ಕಾಲು ಗಿಡ್ಡ ಎಂಬುದನ್ನು ಈಗ ತಿಳಿದುಕೊಂಡ. ಅವನ ಗಂಟಲಿನಿಂದ ಬಂದ ಮಾತು ಮಾತ್ರ ಹಳೆಯ ಸಿಡುಕಿನ ಮಾತೇ: "ಮಗ್ಗದ ಕುಣಿ ಅಂತ ಬಿಡಿಸಿ ಹೇಳಬೇಕಿಲ್ಲೋ ಬೇ? ಅಪ್ಪಗ ಹೇಳದನ ತಿಳೀತಿತ್ತು."

"ನಿಮ್ಮಪ್ಪಗ ತಿಳೀತಿತ್ತಂತ," ಎಂದು ಅವ್ವ ನಕ್ಕಳು. "ದಿನಾ ಜಗಳಾ ತಗದು ಇಡಿಸ್ಕೊಂಡೇನೋ ಈ ಕಲ್ಲು. ನಿನ್ನ ಕಾಲಿಗೊಂದು ಗುಡಿ ಕಟ್ಟಸ್ತೇನಿ ತಡಿ ಅಂತ ಬೈತಿದ್ದ. ಆಗ ಜಗಳಾ ಮಾಡೂ ಶಕ್ತಿ ಇತ್ತು. ಈಗ ಒಂದ ಸಲ ಹೇಳಿದೆ. ನೀ ಒದರಿದಿ."

"ನಾಳೆ ಮುತ್ತಣ್ಣನ್ನ ಕರಸ್ತೇನಿ. ಟಾಯಿಲ್ಸ ಒಡಸ್ತೇನಿ. ನೀ ಹೋಗಬ್ಯಾಡ."

"ಒಡಸು. ಒಡದ ಮ್ಯಾಲ ಖಬರ ಕೊಡು, ಬರತೇನಿ." ಅವಳು ಅವನ ಭುಜ ಹಿಡಿದು ಎದ್ದಳು. "ಕಲ್ಲ ಎತ್ತಿ ಗಾಡ್ಯಾಗ ಇಡು. ತಂಗಿ ಮನ್ಯಾಗಿನ ಕುಣಿ ಎರಡೂ ಕಡೆ ಒಂದ ಮಟ್ಟ ಐತಿ."

ಅವನು ಕಲ್ಲು ಹೊತ್ತು ಅವಳ ಹಿಂದೆ ನಡೆದ. ಹಿಂದೆ ನಡೆದರೆ ಅವಳು ಎಡಕ್ಕೆ ವಾಲುವುದು ಕಾಣುತ್ತಿತ್ತು, ನಿಧಾನ ಎಷ್ಟೆಂದರೆ ಅವನು ಎರಡು ಸಲ ನಿಲ್ಲಬೇಕಾಯಿತು. ಇದೇನ್ರಿ ಸರ್ ಎಂದು ಜಾವೀದ ಕೇಳುತ್ತಿರುವಾಗಲೇ ಕಲ್ಲನ್ನು ಎಡಗಾಲಿನ ಜಾಗಕ್ಕೆ ಇಟ್ಟ. ಆಟೊ ಓಣಿ ತಿರುಗಿ ಹೋಯಿತು.

ಒಳಗೆ ಬಂದು ಪಡಸಾಲೆಯ ನಡುವೆ ನಿಂತ. ಗೋಡೆಯಿಂದ ಗೋಡೆಗೆ ಒಂದೇ ಬಣ್ಣದ ಟಾಯಿಲ್ಸು ಹೊಳೆಯುತ್ತಿತ್ತು. ಕುಣಿ ಕಿಟಕಿಯ ಮಗ್ಗುಲಿಗಿತ್ತೋ, ಕಂಬವಿದ್ದ ಕಡೆಗಿತ್ತೋ. ಈಗ ಕಂಬವೂ ಇಲ್ಲ. ಇಲ್ಲಿ ಎಂದು ನಿಂತ, ಅಲ್ಲ, ತುಸು ಆಚೆ ಎಂದು ಸರಿದ. ನಾಳೆ ಮುತ್ತಣ್ಣ ಬಂದು ಎಲ್ಲಿ ಒಡೆಯಲಿ ಎಂದರೆ ಏನು ತೋರಿಸುವುದು. "ಎಲ್ಲಿತ್ತಲೇ ಅದು?" ಎಂದು ರೋಹಿಣಿಯನ್ನು ಕೇಳಿದ. "ನೀವು ಹುಟ್ಟಿ ಬೆಳದ ಮನಿ. ನನ್ನ ಕೇಳತೀರೇನ್ರಿ?" ಎಂದು ಅವಳು ನೆಲದ ರಾಡಿ ಒರೆಸತೊಡಗಿದಳು. ಅವನು ಫೋನು ತೆಗೆದು ಜಾವೀದನಿಗೆ ಹಚ್ಚಿದ, ಅವ್ವನ ಕೈಗೆ ಕೊಡಲು ಹೇಳಿದ. ಆಟೊದ ಸಪ್ಪಳ, ಗಾಳಿ, ಯಾರದೋ ಹಾರ್ನು.

"ಯವ್ವಾ, ನಿನ್ನ ಕುಣಿ ಎಲ್ಲಿ ತೋಡಸಲಿ?"

"ಆಂ? ಕೇಳಸವಲ್ದು. ಜೋರ ಮಾತಾಡೋ."

"ನಿನ್ನ ಕುಣಿ," ಎಂದು ಅವನು ಗಂಟಲು ಹರಿಯುವ ಹಾಗೆ ಕೂಗಿದ, "ಎಲ್ಲಿ ತೋಡಸಲಿ ಅಂತ ಕೇಳಾಕ ಹತ್ತೇನಿ."

ಓಣಿಯಲ್ಲಿ ಹೋಗುತ್ತಿದ್ದ ಆಚೆ ಮನೆಯ ಅಲ್ಮಾಸಬಿ ನಿಂತಳು. ತೆರೆದ ಬಾಗಿಲಿನಿಂದ ಅವನನ್ನು ನೋಡಿ, ಹೆತ್ತ ತಾಯಿಗೆ ಇಂಥ ಮಾತು ಕೇಳುವ ಮಗನೂ ಇರುತ್ತಾನಲ್ಲ ಎಂಬಂತೆ ಕೆನ್ನೆಗೆ ಕೈ ಹಚ್ಚಿಕೊಂಡಳು. ಸುನಿಲಕುಮಾರ ಅವಳನ್ನು ನೋಡಿದ. ಬಾಗಿಲು ಮುಂದೆ ಮಾಡಲಿಲ್ಲ, ದನಿಯನ್ನೂ ಇಳಿಸಲಿಲ್ಲ. ಅವ್ವನಿಗೆ ಇನ್ನೂ ಕೇಳಿಸಿರಲಿಲ್ಲ, ಆದ್ದರಿಂದ ಇನ್ನೊಮ್ಮೆ ಕೇಳಿದ.